ನೀಲಿ ಮುಚ್ಚಳದ ಟ್ಯಾಂಕು

ಫೆಬ್ರವರಿ 24, 2009, ಮಂಗಳವಾರ. ಸಂಜೆ

ಅದನ್ನು ಮೊದಲು ಹೇಳಿದವನು ನಾನೇ. ಸಂಕ್ರಾಂತಿಗೆ ಮೂರು ದಿನ ಮುಂಚೆ, ಭಾನುವಾರ, ನಿಂಗಕ್ಕನ ಟೀ ಅಂಗಡಿಯ ಬೆಂಚಿನ ಮೇಲೆ ಕೂತು. ಬರೆದಿಟ್ಟುಕೊಳ್ಳುತ್ತಿದ್ದೇನೆ. ಇಲ್ಲದಿದ್ದರೆ ಇನ್ನೊಂದು ವಾರಕ್ಕೆ ಅದನ್ನು ಡ್ರೈವರ್ ಹುಲುಗಪ್ಪ ಹೇಳಿದ್ದು ಅಂತ ನಾನೇ ನಂಬಿಬಿಡುತ್ತೇನೆ.

ಬೆಳಿಗ್ಗೆ ವರ್ಕ್‌ಶಾಪಿನಲ್ಲಿ ಎಂದಿನಂತೆ. ಎರಡು ಗಾಡಿಗೆ ಗ್ರೀಸ್. ಒಂದಕ್ಕೆ ಬ್ರೇಕ್ ಲೈನಿಂಗ್. ಹತ್ತಕ್ಕೆ ಮಾರೆಪ್ಪ ನಾಲ್ಕನೇ ನಂಬರ್ ಟಿಪ್ಪರ್ ತಂದು ರಿಪೇರಿ ಗುಂಡಿಯ, ಪಿಟ್‌ನ, ಮೇಲೆ ನಿಲ್ಲಿಸಿದ. ಹೊರದೇಶದಿಂದ ಬಂದ ಆರರಲ್ಲಿ ಒಂದು. ಇವಕ್ಕೆ ಡೀಸೆಲ್ ಟ್ಯಾಂಕಲ್ಲದೆ, ಹೊಗೆ ಶುದ್ಧ ಮಾಡಲು ಕ್ಯಾನಿನಲ್ಲಿ ಬರುವ ನೀರಿಗೆ ನೀಲಿ ಮುಚ್ಚಳದ ಇನ್ನೊಂದು ಟ್ಯಾಂಕು. ಹೋದ ವರ್ಷ ಅವು ಬಂದಾಗ ಮಾಲೀಕರು ಹಳೆಯ ಡ್ರೈವರುಗಳಲ್ಲಿ ಆರಿಸಿ ಆರಿಸಿ ಆರು ಜನಕ್ಕೆ ಕೊಟ್ಟರು. ಮೊದಲ ಕೀಲಿ ಮಾರೆಪ್ಪನ ಕೈಗೇ.

"ಹಾಲಣ್ಣ, ದೀಪ ಆರವಲ್ದು ನೋಡು. ನೀಲಿ ಮುಚ್ಚಳದ್ದು ಖಾಲಿ ಅಂತೈತಿ. ನಾ ಮುಚ್ಚಳ ತಗದು ನೋಡಿದ್ರ ತುಂಬಿ ತುಳುಕಾಕ ಹತ್ತೈತಿ."

ಟಾರ್ಚ್ ಬಿಟ್ಟು ನೋಡಿದೆ. ನಿಜ, ಕಂಠಮಟ್ಟ. ಕನೆಕ್ಟರ್ ಬಿಚ್ಚಿ ಒರೆಸಿದೆ, ತುಕ್ಕಿಲ್ಲ. ವೈರ್ ತುಂಡಾಗಿಲ್ಲ. ಮೀಟರ್ ಹಚ್ಚಿ ಟ್ಯಾಂಕಿನ ಪಕ್ಕಕ್ಕೆ ಕೈಯಿಂದ ಬಡಿದೆ. ಒಳಗೆ ನೀರು ಅಲುಗಾಡಿದರೆ ಮುಳ್ಳು ಅಲುಗಾಡಬೇಕು. ಅಲುಗಾಡಲಿಲ್ಲ.

ಸೆನ್ಸರ್ ಬಿಚ್ಚಿ ಮೇಲೆತ್ತಿದೆ. ಒಂದು ಕೋಲು, ಕೋಲಿಗೆ ಪೋಣಿಸಿದ ಫ್ಲೋಟ್. ನೀರು ಏರಿದಂತೆ ಅದು ತೇಲಿ ಮೇಲೆ ಬರಬೇಕು. ತಳದಲ್ಲೇ ಕಚ್ಚಿಕೊಂಡಿತ್ತು. ಸುತ್ತ ಬಿಳಿ ಗಟ್ಟಿ, ಹಳೆಯ ಮಡಕೆಗೆ ಉಪ್ಪು ಕಟ್ಟಿದ ಹಾಗೆ. ಒಳ್ಳೆಯ ಮಾಲು ಒಣಗಿದರೂ ಬಿಳಿ ಪುಡಿಯಾಗುತ್ತದೆ, ಆದರೆ ಹೀಗಲ್ಲ. ಇದರಲ್ಲಿ ಹಳದಿ ಗಸಿ. ಉಗುರಿನಿಂದ ಕೆರೆದರೆ ಮರಳಿನಂತೆ ಕರಕರ.

ಅನುಮಾನ ಪರಿಹಾರಕ್ಕೆ ಎರಡು ಸ್ಟೀಲ್ ಮುಚ್ಚಳ ತಂದೆ. ಒಂದರಲ್ಲಿ ಸ್ಟೋರಿನ ಸೀಲ್ ಕ್ಯಾನಿನ ನಾಲ್ಕು ಹನಿ. ಇನ್ನೊಂದರಲ್ಲಿ ಈ ಟ್ಯಾಂಕಿನ ನಾಲ್ಕು ಹನಿ. ಬಿಸಿಲಿಗಿಟ್ಟೆ. ಮೊದಲನೆಯದು ಹತ್ತಿಯಂತೆ ಅರಳಿತು. ಎರಡನೆಯದರ ಅಂಚಿಗೆ ಕೆಸರಿನ ಗೆರೆ.

ಮಾರೆಪ್ಪನ ಮುಖ ನೋಡಿದೆ. ಅವನೂ ಮುಚ್ಚಳವನ್ನೇ ನೋಡುತ್ತಿದ್ದ.

"ಏನ್ ಹಾಕಿ ಮಾರೆಪ್ಪ?"

"ನೀ ಹೇಳಿದ್ದ."

ಹೌದು. ಅವತ್ತು ಟೀ ಅಂಗಡಿಯಲ್ಲಿ ಹುಲುಗಪ್ಪ ಕೇಳಿದ್ದ, ಎಲ್ಲ ಲಾರಿಗೆ ಒಂದು ಟ್ಯಾಂಕು, ನಮಗ್ಯಾಕ ಎರಡು ಅಂತ. ನಾನು ಶುರು ಮಾಡಿದೆ. ಡೀಸೆಲ್ ಹೊಗೆ ಅಂದ್ರ ಒಬ್ಬ ರಾಕ್ಷಸ. ಸೈಲೆನ್ಸರಿನಿಂದ ಹಲ್ಲು ಕಡಕೊಂತ ಹೊರಗ ಬರ್ತಾನ. ಬಾಗಿಲದಾಗ ಒಬ್ಬ ಮುದುಕಿ ನಿಂತಾಳ, ಮುಖಕ್ಕ ನೀರು ಗೊಜ್ಜತಾಳ. ರಾಕ್ಷಸ ಸಾಧು ಆಗಿ ಹೊರಗ ಹೊಕ್ಕಾನ. "ಆ ನೀರಿನ್ಯಾಗ ಏನ್ ಮಂತ್ರ ಐತಿ?" ಅಂದ ಹುಲುಗಪ್ಪ. "ಮಂತ್ರ ಎಲ್ಲಿದಲೇ, ಯೂರಿಯಾ! ನಿಮ್ಮ ಗದ್ದಿಗೆ ಉಗ್ಗತೀರಲ್ಲ, ಅದ. ಅದನ್ನ ಕ್ಯಾನಿಗೆ ತುಂಬಿ, ಮ್ಯಾಲ ಇಂಗ್ಲಿಷ್ ಚೀಟಿ ಹಚ್ಚಿ ಕಳಸ್ತಾರ." ಎಲ್ಲರೂ ಬಿದ್ದು ಬಿದ್ದು ನಕ್ಕರು. ನಿಂಗಕ್ಕ ಕೂಡ.

ಅದು ಬೇರೆ ತರದ ಯೂರಿಯಾ, ಶುದ್ಧ ಮಾಡಿದ್ದು, ಶುದ್ಧ ಮಾಡಿದ ನೀರಲ್ಲೇ ಕರಗಿಸಿದ್ದು. ಇದು ನನಗೆ ಗೊತ್ತಿತ್ತು. ಗಾಡಿಯ ಪುಸ್ತಕದಲ್ಲಿದೆ. ಓದಿದ್ದೆ. ಆದರೆ ಅಷ್ಟನ್ನೂ ಹೇಳಿದರೆ ನಗು ಬರುವುದಿಲ್ಲವಲ್ಲ...

ಜನವರಿ ಕೊನೆಗೆ ಕ್ಯಾನ್ ತರುವ ಲಾರಿ ಒಂಬತ್ತು ದಿನ ತಡವಾಯಿತು. ನೀರು ಮುಗಿದರೆ ಇಂಜಿನ್ ತಾನೇ ಅರ್ಧ ಶಕ್ತಿಗೆ ಇಳಿಯುತ್ತದೆ. ಮಾರೆಪ್ಪನ ಮನೆ ಕಂಪ್ಲಿ ಹತ್ತಿರ, ಕಾಲುವೆ ಬದಿ. ಭತ್ತಕ್ಕೆ ತಂದ ಯೂರಿಯಾ ಚೀಲ ಮನೆಯಲ್ಲೇ ಇತ್ತು.

"ಎಷ್ಟು ಜನ ಹಾಕೀರಿ?"

"ಎಲ್ಲಾರೂ."

ಫೆಬ್ರವರಿ 25. ಮಧ್ಯಾಹ್ನ

ಫ್ಲೋಟನ್ನು ಬಿಸಿನೀರಲ್ಲಿ ನೆನೆಸಿದೆ. ಗಟ್ಟಿ ಕರಗಿತು. ಬೆರಳಿಗೆ ಸಲೀಸಾಗಿ ಮೇಲೆ ಕೆಳಗೆ ಓಡಾಡಿತು. ಜೋಡಿಸಿ ಕೀಲಿ ತಿರುಗಿಸಿದರೆ ದೀಪ ಆರಿತು.

ಟ್ಯಾಂಕು ಪೂರಾ ಖಾಲಿ ಮಾಡಿ ತೊಳೆಯಬೇಕಿತ್ತು. ಖಾಲಿ ಮಾಡಿದರೆ ಸ್ಟೋರಿನಿಂದ ಹೊಸ ಮಾಲು ಕೇಳಬೇಕು, ಕೇಳಿದರೆ ಯಾಕೆ ಅಂತ ಬರೆದುಕೊಡಬೇಕು. ಮಾಡಲಿಲ್ಲ.

ಶಂಭುಲಿಂಗ ಸರ್, ನಮ್ಮ ವರ್ಕ್‌ಶಾಪ್ ಮ್ಯಾನೇಜರ್, ಬಂದು ಕೇಳಿದರು. "ಏನಿತ್ತು?"

"ಧೂಳು ಸರ್. ಮೈನ್ಸ್ ಧೂಳು ಒಳಗ ಹೋಗಿ ಹಿಡಕೊಂಡಿತ್ತು."

"ಹ್ಞಾಂ" ಅಂದು ಹೋದರು. ನನ್ನ ಮಾತನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ. ಇಪ್ಪತ್ತು ವರ್ಷ ಸಂಪಾದಿಸಿದ್ದು ಅದನ್ನೇ.

ಡ್ರೈವರುಗಳಿಗೆ ಒಬ್ಬೊಬ್ಬರನ್ನೇ ಕರೆದು ಹೇಳಿದೆ, ಇನ್ನು ಮೇಲೆ ಹಾಕಬ್ಯಾಡ್ರಿ. ತಲೆ ಆಡಿಸಿದರು. ಯಾಕೆ ಅಂತ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಫೆಬ್ರವರಿ 27

ನಾಲ್ಕನೇ ನಂಬರ್ ಸರಿಯಾಗಿ ಓಡುತ್ತಿದೆ. ಎರಡು ದಿನದಲ್ಲಿ ಎರಡು ಸಲ ಮಾರೆಪ್ಪನ ದಾರಿ ಕಾದು ದೀಪ ನೋಡಿದೆ. ಮೂರನೇ ಸಲ ಅವನೇ ಕ್ಯಾಬಿನ್ನಿಂದ ಕೂಗಿದ: "ಆರೈತಿ ಮಾರಾಯ, ಮನಿಗೆ ಹೋಗಿ ಉಣ್ಣು ಹೋಗು!"

ಊಟ ಮಾಡಿದೆ. ರುಚಿ ಗೊತ್ತಾಗಲಿಲ್ಲ. ಚೆನ್ನಬಸಮ್ಮ ಕೇಳಿದಳು, "ಇದೇನ್ ಹೊಸಾದು, ತಾಟಿನ ಮುಂದ ಬಾಯಿ ಮುಚಗೊಂಡು ಕುಂತೀರಿ?" ಹೆಂಡತಿಗೂ ಧೂಳು ಅಂದೆ.

ಮಾರ್ಚ್ 3, ಮಂಗಳವಾರ

ನಾಲ್ಕನೇ ನಂಬರ್ ಘಾಟಿ ಏರಿನಲ್ಲಿ ನಿಂತಿತು.

ಸಂಡೂರಿನಿಂದ ಅದಿರು ತುಂಬಿಕೊಂಡು ಬರುತ್ತಿತ್ತು. ಫೋನ್ ಬಂದ ಕೂಡಲೇ ಬೈಕ್ ಹತ್ತಿದೆ. ಒಂದೂವರೆ ಮೈಲಿ ಲಾರಿ ಸಾಲು, ಎಲ್ಲದರ ಹಾರ್ನೂ ಒಟ್ಟಿಗೆ. ಮಾರೆಪ್ಪ ಚಕ್ರಕ್ಕೆ ಕಲ್ಲು ಕೊಟ್ಟು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಹೋಗುವ ಬರುವವರು ಕಿಟಕಿಯಿಂದ ಬೈಯುತ್ತಿದ್ದರು. "ಏನಲೇ ಫಾರಿನ್ ಗಾಡಿ, ತಳ್ಳಾಕ ಎತ್ತು ತರಸ್ಲೇನು?"

ಒಳಗೆ ಹತ್ತಿ ನೋಡಿದರೆ ಎರಡು ದೀಪ. ನೀಲಿ ಮುಚ್ಚಳದ್ದು ಮತ್ತೆ ಖಾಲಿ ಅನ್ನುತ್ತಿದೆ. ಜೊತೆಗೆ ಇಂಜಿನ್ನಿನದೂ. ಟ್ಯಾಂಕಿನಲ್ಲಿ ಉಳಿದ ಗಸಿ ಫ್ಲೋಟನ್ನು ಮತ್ತೆ ಹಿಡಿದಿದೆ. ಹೊಗೆಗೆ ನೀರು ಚಿಮ್ಮುವ ನಾಜಲ್ ಕೂಡ ಕಟ್ಟಿರಬೇಕು. ನಾನು ಮುಚ್ಚಿಟ್ಟದ್ದೇ ಇದು.

ಬೇರೆ ಗಾಡಿಗೆ ಕಟ್ಟಿ ಎಳೆದು ತಂದೆವು. ಅಂಗಳದಲ್ಲಿ ಶಂಭುಲಿಂಗ ಸರ್ ಟ್ಯಾಂಕಿಗೆ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡರು. ಉಗುಳಿದರು.

"ಇದು ನಮ್ಮ ಮಾಲಲ್ಲ. ತಿಂಗಳಿಗೆ ಮೂರು ಕ್ಯಾನ್ ಇಸಗೊಂಡಾನ. ಕ್ಯಾನ್ ಮಾರ್ಕೊಂಡು ಒಳಗ ನೀರು ತುಂಬ್ಯಾನ. ದೀಪ ಅದನ್ನ ಹೇಳಾಕ ಹತ್ತೈತಿ."

"ಸರ್, ಆ ನೀರು ಯಾರು ತಗೋತಾರ? ಈ ಜಿಲ್ಲಾದಾಗ ಇಂಥ ಟ್ಯಾಂಕು ಇರೋದ ನಮ್ಮ ಆರು ಗಾಡಿಗೆ."

"ಕಳ್ಳಗ ಗಿರಾಕಿ ಸಿಗಲ್ಲಂದ್ರ ಹೆಂಗ? ದೀಪ ಸುಳ್ಳು ಹೇಳಲ್ಲ ಹಾಲಸ್ವಾಮಿ. ಮನುಷ್ಯ ಹೇಳ್ತಾನ."

ಮಾರೆಪ್ಪನ ಕಡೆ ತಿರುಗಿ ಕೈ ಚಾಚಿದರು. ಕೀಲಿ. ಮಾರೆಪ್ಪ ಕೊಟ್ಟ. ನನ್ನ ಕಡೆ ನೋಡಲಿಲ್ಲ. ಇಪ್ಪತ್ತಾರು ವರ್ಷ ಸ್ಟೀರಿಂಗ್ ಹಿಡಿದವನು. ಕಳ್ಳ ಅಂತ ಒಂದು ಅಂಗಳದಿಂದ ಹೊರಬಿದ್ದರೆ ಹೊಸಪೇಟೆಯಿಂದ ತೋರಣಗಲ್ಲಿನವರೆಗೆ ಯಾರೂ ಕೀಲಿ ಕೊಡುವುದಿಲ್ಲ. ಡ್ರೈವರುಗಳ ಸುದ್ದಿ ಲಾರಿಗಿಂತ ಮುಂಚೆ ಊರು ಮುಟ್ಟುತ್ತದೆ.

ಬೆಂಗಳೂರಿನ ಡೀಲರ್ ಕಡೆಯಿಂದ ಇಂಜಿನಿಯರ್ ಬರುತ್ತಾರಂತೆ. ಟೆಸ್ಟಿನಲ್ಲಿ ಮಾಲು ನಮ್ಮದಲ್ಲ ಅಂತ ಬಂದರೆ ಠಾಣೆಗೆ ದೂರು.

ನಾನು ಅಲ್ಲೇ ನಿಂತಿದ್ದೆ. ಹೇಳಬಹುದಿತ್ತು. ಸ್ಪ್ಯಾನರ್ ಒರೆಸುತ್ತಿದ್ದೆ. ಸ್ವಚ್ಛವಾಗಿದ್ದ ಸ್ಪ್ಯಾನರನ್ನು.

ಮಾರ್ಚ್ 4

ಅರ್ಧ ದಿನ ರಜೆ ಹಾಕಿ ಮಾರೆಪ್ಪನ ಮನೆಗೆ ಹೋದೆ. ಕಂಪ್ಲಿ ಬಸ್ಸು ನಿಂತು ನಿಂತು ಹೋಯಿತು. ಇಳಿದು ಓಡಬೇಕು ಅನ್ನಿಸುತ್ತಿತ್ತು.

ಅವನು ಕಾಲುವೆ ಕಟ್ಟೆಯ ಮೇಲೆ ಕೂತಿದ್ದ. ಹಗಲು ಹೊತ್ತು ಅವನು ಕೆಲಸವಿಲ್ಲದೆ ಕೂತದ್ದನ್ನು ನಾನು ನೋಡೇ ಇರಲಿಲ್ಲ. ಅವನ ಹೆಂಡತಿ ಎರ್ರೆಮ್ಮ ಮಜ್ಜಿಗೆ ತಂದುಕೊಟ್ಟಳು.

"ನನ್ನ ಹೆಸರು ಯಾಕ ಹೇಳಲಿಲ್ಲ?" ಅಂದೆ.

"ಹೇಳಿ ಏನ್ ಮಾಡ್ಲಿ? ನಿನ್ನೂ ಓಡಸ್ತಾರ. ಆಮ್ಯಾಲ ನಮ್ಮ ಗಾಡಿ ನೋಡೋರು ಯಾರು? ನಾ ಹಾಕಿದ್ದು ಖರೆ. ಹೇಳಿದ್ದು ನೀ ಇರಬೋದು, ಕೈ ನಂದು."

"ನಾ ಹೇಳ್ತೀನಿ ಬಿಡು. ಒಂದೆರಡು ದಿನ ನೋಡಿ..."

ಎರ್ರೆಮ್ಮ ಲೋಟ ತೆಗೆದುಕೊಳ್ಳಲು ಬಗ್ಗಿದವಳು ಅಲ್ಲೇ ನಿಂತಳು.

"ಕೊಡದಾಗ ಕಲಸಿದಾಕಿ ನಾನು, ಅಣ್ಣ. ಯೂರಿಯಾ ಕರಗಿದ್ದ ತಡ, ಕೊಡ ಮುಟ್ಟಿದ್ರ ಕೈ ಕೊರೀತಿತ್ತು, ಅಷ್ಟು ತಣ್ಣಗ. ಗಾಡಿಗೂ ತಂಪು ಅಂತ ನಕ್ಕೊಂತ ಕಲಸೀನಿ. ನಂದೂ ತಪ್ಪು, ಇವಂದೂ ತಪ್ಪು. ಆದ್ರ ಕಳ್ಳ ಅನ್ನೋದು ಯಾರ ತಪ್ಪಿಂದು? ನಿನ್ನಿ ನಲ್ಲಿ ಕಡೆ ಒಬ್ಬಾಕಿ ಕೇಳಿದ್ಲು, ಏನ್ ಮಾರಿದ್ನಂತ ನಿನ್ನ ಗಂಡ ಅಂತ. ನೀವಿಬ್ರೂ ಒಬ್ಬರ ಮಾರಿ ಒಬ್ಬರು ನೋಡ್ಕೊಂತ ದೊಡ್ಡಸ್ತಿಕಿ ಮಾಡ್ರಿ. ಉತ್ತರ ಕೊಡಾಕಿ ನಾನು."

ಮಾರೆಪ್ಪ "ಏ ಸುಮ್ನಿರು" ಅಂದ. ಅವಳು ಸುಮ್ಮನಿರಲಿಲ್ಲ.

"ಎರಡು ದಿನ ಅಂದ್ರ ಎರಡು ದಿನ ಅಣ್ಣ. ಎಣಸ್ತೀನಿ."

ಮಾರ್ಚ್ 7, ಶನಿವಾರ

ಮೂರು ದಿನವಾಯಿತು. ಹೇಳಲಿಲ್ಲ.

ಗುರುವಾರ ಶಂಭುಲಿಂಗ ಸರ್ ಅದಿರು ತುಂಬುವ ರೈಲ್ವೆ ಸೈಡಿಂಗ್‌ಗೆ ಹೋಗಿದ್ದರು. ಶುಕ್ರವಾರ ಮಾಲೀಕರು ಬಂದಿದ್ದರು. ಇವತ್ತು ಬೆಳಿಗ್ಗೆ ಸರ್ ಕೋಣೆಯ ಬಾಗಿಲಿಗೆ ಹೋಗಿ ನಿಂತೆ. "ಏನು?" ಅಂದರು. "ಫ್ಯಾನ್ ಬೆಲ್ಟ್ ಬೇಕು ಸರ್" ಅಂದೆ. ಸಹಿ ಹಾಕಿಕೊಟ್ಟರು. ಬೇಡವಾದ ಬೆಲ್ಟ್ ಈಗ ನನ್ನ ಬೆಂಚಿನ ಮೇಲಿದೆ.

ಕೆಲಸ ಹೋಗುತ್ತದೆ ಅಂತ ಅಲ್ಲ. ಅದೂ ಇದೆ. ಆದರೆ ಹಾಲಸ್ವಾಮಿ ನೋಡಿದನೆಂದರೆ ಆಯಿತು, ಅನ್ನುತ್ತಾರಲ್ಲ, ಅದು ಹೋಗುತ್ತದೆ. ಅದಿಲ್ಲದೆ ಈ ಅಂಗಳದಲ್ಲಿ ಹೇಗೆ ನಡೆದಾಡುವುದು ಗೊತ್ತಿಲ್ಲ.

ಸಂಜೆ ಇಂಜಿನಿಯರ್ ಬಂದರು. ಸ್ಫೂರ್ತಿ ಅಂತ. ಇಪ್ಪತ್ತಾರು ಇಪ್ಪತ್ತೇಳು ಇರಬಹುದು. ಗೇಟಿನಲ್ಲೇ ಹುಲುಗಪ್ಪ ಗುಸುಗುಸು ಮಾಡಿದ, "ಈ ಹುಡುಗಿ ಪಿಟ್‌ನ್ಯಾಗ ಇಳೀತಾಳನು?" ಆಕೆ ಕೇಳಿಸಿಕೊಂಡರು. ಬ್ಯಾಗ್ ಅವನ ಕೈಗೇ ಕೊಟ್ಟು ಪಿಟ್‌ಗೆ ಇಳಿದರು. ಹತ್ತು ನಿಮಿಷ ಬಿಟ್ಟು ಮೊಣಕೈವರೆಗೆ ಮಸಿ ಮಾಡಿಕೊಂಡು ಬಂದು ಬ್ಯಾಗ್ ವಾಪಸ್ ಕೇಳಿದರು. ಅವನು ಅಲ್ಲೇ ಹಿಡಿದು ನಿಂತಿದ್ದ.

ಟೆಸ್ಟ್ ಸೋಮವಾರ ಬೆಳಿಗ್ಗೆ. ನಾಳೆ ವರ್ಕ್‌ಶಾಪ್ ರಜೆ. ಶಂಭುಲಿಂಗ ಸರ್ ನನ್ನ ಬೆನ್ನು ತಟ್ಟಿದರು: "ಮೇಡಂ ಹಂಪಿ ನೋಡಿಲ್ಲಂತ. ನೀ ಕರಕೊಂಡು ಹೋಗು. ನಿನ್ನಷ್ಟು ಚಂದ ಕಥಿ ಯಾರು ಹೇಳ್ತಾರ?"

ಮಾರ್ಚ್ 8, ಭಾನುವಾರ. ಮಧ್ಯಾಹ್ನ 3

ಹಂಪಿಯಿಂದ ಈಗ ಬಂದೆ. ಕೂರಲು ಆಗುತ್ತಿಲ್ಲ, ನಿಂತೇ ಬರೆಯುತ್ತಿದ್ದೇನೆ.

ಬೆಳಿಗ್ಗೆಯಿಂದ ಬರೀ ನಡೆದೆ. ಒಂದು ಕಡೆ ನಿಂತರೆ ಆಕೆ ಏನಾದರೂ ಕೇಳುತ್ತಾರೆ ಅಂತ. "ಸರ್, ಸ್ವಲ್ಪ ನಿಧಾನ. ಕಲ್ಲು ಎಲ್ಲೂ ಓಡಿಹೋಗಲ್ಲ" ಅಂದರು. ಹೊಳೆಯ ಹತ್ತಿರ, ತೆಪ್ಪ ಕಟ್ಟುವ ಮೆಟ್ಟಿಲ ಮೇಲೆ ಎಳನೀರು ಹಿಡಿದು ಕೂತರು. ನಾನು ಕೂರಲಿಲ್ಲ.

ಕೇಳಿಯೇಬಿಟ್ಟೆ. "ಮೇಡಂ, ಸುಮ್ಮನೆ ತಿಳಕೊಳ್ಳಾಕ. ಯಾರಾದರೂ ಗದ್ದಿ ಯೂರಿಯಾ ಕರಗಿಸಿ ಆ ಟ್ಯಾಂಕಿಗೆ ಹಾಕಿದ್ರ?"

"ಹಾಕಿದ್ದಾರಾ?"

"ಇಲ್ಲ ಇಲ್ಲ. ಸುಮ್ಮನೆ."

"ಅದು ಬೆಳೆಗೆ ಮಾಡಿದ್ದು ಸರ್. ಕಾಳು ಒಂದಕ್ಕೊಂದು ಅಂಟದೇ ಇರಲಿ ಅಂತ ಬೇರೆ ಏನೇನೋ ಸೇರಿಸಿರ್ತಾರೆ. ಬೋರ್ ನೀರೋ ಕಾಲುವೆ ನೀರೋ ಆದರೆ ಅದರ ಸುಣ್ಣ ಬೇರೆ. ಮೊದಲು ಫ್ಲೋಟ್ ಹಿಡಿಯುತ್ತೆ. ಆಗ ಟ್ಯಾಂಕ್ ತುಂಬಿದ್ರೂ ಖಾಲಿ ಅನ್ನುತ್ತೆ. ಆಮೇಲೆ ಫಿಲ್ಟರ್, ನಾಜಲ್. ಆಗಲೇ ಖಾಲಿ ಮಾಡಿ ತೊಳೆದುಬಿಟ್ಟರೆ ಬದುಕುತ್ತೆ. ಹಾಗೇ ಓಡಿಸಿದರೆ ಸೈಲೆನ್ಸರ್ ಒಳಗಿನ ಭಾಗವೂ ಹೋಗುತ್ತೆ. ಅದು ಹೋದರೆ ಮತ್ತೆ ರಿಪೇರಿ ಇಲ್ಲ, ಹೊರಗಿಂದಲೇ ತರಿಸಬೇಕು."

ನನಗೆ ಉಳಿದ ಐದು ಗಾಡಿ ಕಣ್ಣ ಮುಂದೆ ಬಂದವು. ಇವತ್ತೂ ಘಾಟಿಯಲ್ಲಿ ಓಡುತ್ತಿವೆ.

"ಕಂಡುಹಿಡಿಯೋದು ಕಷ್ಟ ಏನು?" ಅಂದೆ.

"ಏನೂ ಇಲ್ಲ. ಒಂದು ಹನಿ ಹಾಕಿ ನೋಡೋ ದುರ್ಬೀನ್ ತರದ್ದು ಒಂದಿದೆ, ಎಷ್ಟು ಗಟ್ಟಿ ಅಂತ ಹೇಳುತ್ತೆ. ಅದೂ ಬೇಕಾಗಿಲ್ಲ. ಫ್ಲೋಟ್ ಹೊರಗೆ ತೆಗೆದ ಮೆಕ್ಯಾನಿಕ್‌ಗೆ ನೋಡಿದ ಕೂಡಲೇ ಗೊತ್ತಾಗಿರುತ್ತೆ." ಸ್ವಲ್ಪ ಹೊತ್ತು ಹೊಳೆ ನೋಡಿದರು. "ನಾಲ್ಕನೇ ನಂಬರ್ ಫ್ಲೋಟ್ ಯಾರು ತೆಗೆದಿದ್ದು?"

"ನಾನ."

ಆಕೆ ಎಳನೀರು ಮುಗಿಸಿ ಬುರುಡೆ ಪಕ್ಕಕ್ಕಿಟ್ಟರು. "ಕಥೆ ಹೇಳ್ತೀರಂತೆ. ಒಂದು ಹೇಳಿ."

ಒಂದೂ ನೆನಪಾಗಲಿಲ್ಲ. ಅಜ್ಜಿಯಿಂದ ಕೇಳಿದ ನೂರಿನ್ನೂರು ಇದ್ದವು. ಒಂದೂ.

ಅದೇ ದಿನ. ಸಂಜೆ 7

ನಿಂಗಕ್ಕನ ಅಂಗಡಿಗೆ ಹೋದೆ. ಟ್ರಿಪ್ ಮುಗಿಸಿ ಉಳಿದ ಐದೂ ಗಾಡಿಯ ಡ್ರೈವರುಗಳು ಅಲ್ಲೇ ಇದ್ದರು. ಬೆಂಚಿನಲ್ಲಿ ಜಾಗ ಮಾಡಿಕೊಟ್ಟರು.

"ಬಾ ಹಾಲಣ್ಣ. ಮೇಡಂಗ ಏನ್ ಹೇಳಿದಿ, ನಮಗೂ ಹೇಳು."

ಹೇಳಿದೆ. ಬೇರೆ ದಾರಿ ಗೊತ್ತಿಲ್ಲ ನನಗೆ. ಒಂದು ಊರಾಗ ಒಬ್ಬ ಮಾತಿನಮಲ್ಲ ಇದ್ದ. ಗಾಡಿ ರಿಪೇರಿ ಮಾಡ್ತಿದ್ದ. ಜನ ನಗ್ತಾರ ಅಂದ್ರ ಅರ್ಧ ಖರೆ ಹೇಳಿ ಅರ್ಧ ಬಿಡ್ತಿದ್ದ... ಹುಲುಗಪ್ಪ ಹೂಂ ಅಂದ. ಎಲ್ಲರೂ ಹೂಂ ಅಂದರು. ಆರು ಕುದುರೆ ಇದ್ದವು ಆ ಊರಾಗ. ಹೂಂ. ಅವಕ್ಕ ಕುಡಿಯಾಕ ಬೇರೆ ನೀರು. ಹೂಂ. ಒಂದು ದಿನ ಆ ಮಾತಿನಮಲ್ಲ ಅಂದ, ಅದೇನ್ ದೊಡ್ಡ ನೀರಲ್ಲ, ನಿಮ್ಮ ಗದ್ದಿ ನೀರ...

ಹೂಂ ನಿಂತಿತು.

ಕುದುರೆ ಬಿಟ್ಟೆ. ಸೀದಾ ಹೇಳಿದೆ. ತಪ್ಪು ಹೇಳಿದವನು ನಾನು, ಫ್ಲೋಟ್ ತೆಗೆದಾಗಲೇ ಗೊತ್ತಾಯಿತು, ಧೂಳು ಅಂತ ಸುಳ್ಳು ಹೇಳಿದೆ. ಟ್ಯಾಂಕು ತೊಳೆಯಲಿಲ್ಲ, ಅದಕ್ಕೇ ಘಾಟಿಯಲ್ಲಿ ನಿಂತಿತು. ಮಾರೆಪ್ಪ ಒಂದು ಹನಿ ಮಾರಿಲ್ಲ. ನಿಮ್ಮ ಐದು ಗಾಡಿಯೂ ನಿಲ್ಲುತ್ತವೆ, ಇವತ್ತಲ್ಲ ನಾಳೆ. ನಾಳೆ ಸರ್ ಮುಂದೆ ಹೇಳುತ್ತೇನೆ.

ಹುಲುಗಪ್ಪ ಎದ್ದ. ಅವನ ಮುಖ ಹಾಗೆ ಬಿಗಿದದ್ದನ್ನು ನಾನು ಹಿಂದೆ ಕಂಡಿಲ್ಲ.

"ಹನ್ನೊಂದು ದಿನದ ಹಿಂದ ಹಾಕಬ್ಯಾಡ್ರಿ ಅಂದಿ. ಯಾಕ ಅಂತ ಅವತ್ತ ಹೇಳಿದ್ರ ನಾವು ಗಾಡಿ ತಂದು ನಿಲ್ಲಸ್ತಿದ್ವಿ. ಈಗ ಹೇಳ್ತಿ, ಟೆಸ್ಟ್ ಮಾಡಾಕಿ ಬಂದ ಮ್ಯಾಲ! ನೀ ಹೇಳ್ಕೋ. ನಮ್ಮ ಹೆಸರು ಬಾಯಾಗ ಬಂದ್ರ ನೋಡು. ಮನ್ಯಾಗ ನಮಗೂ ಹೆಂಡ್ರು ಮಕ್ಕಳು ಅದಾರ."

ಹೋದ. ನಾಲ್ವರೂ ಅವನ ಹಿಂದೆ ಹೋದರು. ಚಹಾ ಅರ್ಧರ್ಧ ಉಳಿದಿತ್ತು.

ನಿಂಗಕ್ಕ ಲೋಟ ಎತ್ತುತ್ತಾ ಅಂದಳು, "ಇಷ್ಟು ವರ್ಷದಾಗ ಇದೊಂದು ಕಥಿ ನೀ ಪೂರಾ ಹೇಳಿದ್ದು."

ಮಾರ್ಚ್ 9, ಸೋಮವಾರ. ಬೆಳಿಗ್ಗೆ 7.40

ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ಜಲ್ದಿ.

ಆರೂವರೆಗೆ ಬಂದೆ, ಸರ್ ಬರುವುದಕ್ಕೆ ಮುಂಚೆ ಬಾಗಿಲಲ್ಲಿ ಇರಬೇಕು ಅಂತ. ಬಾಗಿಲಿಗೆ ಹೋಗಲು ಆಗಲಿಲ್ಲ, ಅಂಗಳ ತುಂಬಿತ್ತು. ಈ ಹೊತ್ತಿಗೆ ಸಂಡೂರಿನಲ್ಲಿ ಲೋಡಿಗೆ ನಿಲ್ಲಬೇಕಿದ್ದ ಐದು ಟಿಪ್ಪರ್ ಪಿಟ್‌ನ ಮುಂದೆ ಒಂದರ ಹಿಂದೆ ಒಂದು. ಐದರ ನೀಲಿ ಮುಚ್ಚಳವೂ ತೆಗೆದು ಬಾನೆಟ್ ಮೇಲೆ ಇಟ್ಟಿದ್ದರು. ಡ್ರೈವರುಗಳು ತಮ್ಮ ತಮ್ಮ ಚಕ್ರದ ಹತ್ತಿರ.

ಹುಲುಗಪ್ಪನದು ಮೊದಲ ಗಾಡಿ. ನನ್ನ ಜೊತೆ ಮಾತಾಡಲಿಲ್ಲ. ಸ್ಫೂರ್ತಿ ಮೇಡಂ ಬಂದಾಗ ಅವರಿಗೆ ಹೇಳಿದ, "ಮೇಡಂ, ನಂದೂ ನೋಡ್ರಿ. ನಾನೂ ಗದ್ದಿದ ಹಾಕೀನಿ." ಎರಡನೆಯವನು, "ನಂದೂ." ಮೂರನೆಯವನು ಟ್ಯಾಂಕಿನ ಕಡೆ ಬೆರಳು ಮಾಡಿದ.

ಆಕೆ ಒಂದೊಂದರಿಂದ ಒಂದೊಂದು ಹನಿ ಹಾಕಿ, ದುರ್ಬೀನನ್ನು ಬೆಳಕಿಗೆ ಹಿಡಿದು ನೋಡಿದರು. ಬರೆದುಕೊಂಡರು. ನಾಲ್ಕನೇ ನಂಬರಿನದೂ ನೋಡಿದರು. ಶಂಭುಲಿಂಗ ಸರ್‌ಗೆ ಹೇಳಿದ್ದು ನನಗೂ ಕೇಳಿಸಿತು: "ಇದು ನೀರಲ್ಲ ಸರ್. ಆರರಲ್ಲೂ ಒಂದೇ ಮಾಲು. ಯಾರೂ ಏನೂ ಮಾರಿಲ್ಲ. ಗಾಡಿ ನಿಲ್ಲಬಾರದು ಅಂತ ಹಾಕಿದ್ದಾರೆ. ಇವತ್ತೇ ತೊಳೆದರೆ ಐದು ಖಂಡಿತ ಉಳಿಯುತ್ತವೆ."

ಸರ್ ಜೇಬಿಗೆ ಕೈ ಹಾಕಿ ನಾಲ್ಕನೇ ನಂಬರ್ ಕೀಲಿ ತೆಗೆದು ಕೈಯಲ್ಲೇ ಆಡಿಸಿದರು. ಮಾರೆಪ್ಪನಿಗೆ ಫೋನ್ ಮಾಡು ಅಂತ ವಾಚ್‌ಮನ್‌ಗೆ ಹೇಳಿದರು. ಆಮೇಲೆ ದನಿ ಏರಿತು.

"ಆರು ಜನಕ್ಕ ಒಮ್ಮೆಲೇ ಈ ಬುದ್ಧಿ ಹೆಂಗ ಬಂತು? ಯಾರು ಹೇಳಿದ್ದು ನಿಮಗ?"

ಹುಲುಗಪ್ಪ ನೆಲ ನೋಡುತ್ತಿದ್ದಾನೆ. ಐವರಲ್ಲಿ ಒಬ್ಬನೂ ಈ ಬೆಂಚಿನ ಕಡೆ ತಿರುಗುತ್ತಿಲ್ಲ. ತಿರುಗಿದ್ದರೆ ಚೆನ್ನಾಗಿತ್ತು.

ಮತ್ತೆ ಕೇಳುತ್ತಿದ್ದಾರೆ. ಏಳುತ್ತೇನೆ. ಧೂಳು ಅಂದದ್ದರಿಂದ ಶುರು ಮಾಡಲೋ, ಅದಕ್ಕಿಂತ ಮುಂಚಿನ ಆ ರಾಕ್ಷಸನ ಕಥೆಯಿಂದಲೋ...